ಕೊನೆಯ ಕಂತು ಕಟ್ಟಿದ ಮೇಲೆ

19 ತಿಂಗಳ ಕಾಲ ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ನನ್ನೊಡನೆ ಕುಳಿತು, ಬಿಡಿಗಾಸನ್ನೂ ಪಡೆಯದೆ ನನ್ನ ಸಾಲದ ಲೆಕ್ಕ ನೋಡಿಕೊಟ್ಟ ಸ್ವಯಂಸೇವಕ ಸಲಹೆಗಾರ್ತಿಗೂ ಅವರ ಬಳಗಕ್ಕೂ ಬಹಿರಂಗವಾಗಿ ಕೃತಜ್ಞತೆ ಸಲ್ಲಿಸಲು ಈ ಬರಹ. ಹೆಸರು ಹಾಕಬಾರದೆಂದು ಅವರು ಕೇಳಿಕೊಂಡಿದ್ದಾರೆ. ಆದ್ದರಿಂದ ಇಲ್ಲಿ ಅವರನ್ನು ಮೇಡಂ ಎಂದಷ್ಟೇ ಕರೆಯುತ್ತೇನೆ.

ನಾನು ಮನೆಯಲ್ಲೇ ಬಟ್ಟೆ ಹೊಲಿದು ಜೀವನ ಸಾಗಿಸುವವಳು. ಹತ್ತಿರದ ಬಂಧುವೊಬ್ಬರ ಸಾಲಕ್ಕೆ ಜಾಮೀನು ಹಾಕಿದ್ದೆ. ಜಾಮೀನೆಂದರೆ ಸಾಕ್ಷಿಯ ರುಜು ಎಂದಷ್ಟೇ ತಿಳಿದಿದ್ದ ನನಗೆ, ಸಾಲ ಪಡೆದವರು ಕಟ್ಟದಿದ್ದರೆ ಬಾಕಿಗೆಲ್ಲ ನಾನೇ ಹೊಣೆಯಾಗುತ್ತೇನೆ ಎಂಬುದು ನೋಟಿಸು ಕೈಗೆ ಬಂದ ದಿನ ಗೊತ್ತಾಯಿತು. ಅದನ್ನು ತೀರಿಸಲು ಒಂದು ಸಾಲ, ಆ ಸಾಲದ ಕಂತಿಗೆ ಇನ್ನೊಂದು, ಹೀಗೆ ಒಟ್ಟು ಐದು ಕಡೆ ಬಾಕಿ ಬೆಳೆಯಿತು.

ಮೊದಲ ಭೇಟಿಯಲ್ಲಿ ಮೇಡಂ ತಾವು ಏನೇನು ಮಾಡುವುದಿಲ್ಲ ಎಂಬುದನ್ನು ಹೇಳಿದರು. ಯಾವ ಪಾಲಿಸಿಯನ್ನೂ ಮಾರುವುದಿಲ್ಲ, ಯಾರಿಂದಲೂ ಕಮಿಷನ್ ಪಡೆಯುವುದಿಲ್ಲ, ನನ್ನ ಹಣವನ್ನಾಗಲಿ ಪಾಸ್‌ವರ್ಡನ್ನಾಗಲಿ ಮುಟ್ಟುವುದಿಲ್ಲ ಎಂದರು. ಬಳಿಕ, ನಾನು ಒಯ್ದಿದ್ದ ಚೀಲವನ್ನು ಮೇಜಿನ ಮೇಲೆ ಸುರಿಸಿ, ಮುದುಡಿದ ರಸೀದಿಗಳನ್ನು ಒಂದೊಂದಾಗಿ ಅಂಗೈಯಿಂದ ನೇವರಿಸಿ, ತಾರೀಖಿನ ಪ್ರಕಾರ ಜೋಡಿಸತೊಡಗಿದರು. ಅದಕ್ಕೇ ಒಂದೂವರೆ ಗಂಟೆ ಹಿಡಿಯಿತು. ಜಾಮೀನು ಏಕೆ ಹಾಕಿದಿರಿ ಎಂದು ಕೇಳದ ಮೊದಲ ವ್ಯಕ್ತಿ ಅವರು. ನಾನು ಕಟ್ಟಿದ್ದ ಎರಡು ಕಂತುಗಳು ಸಾಲ ಕೊಟ್ಟವರ ಲೆಕ್ಕಕ್ಕೆ ಏರಿರಲೇ ಇಲ್ಲ ಎಂಬುದು ಆ ಜೋಡಣೆಯಿಂದಲೇ ಹೊರಬಿತ್ತು. ಅವರು ಫೋನು ಮಾಡಿ ನನ್ನ ಪರವಾಗಿ ಜಗಳವಾಡಲಿಲ್ಲ. ಅರ್ಜಿ ಬರೆಯುವುದನ್ನೂ, ನಕಲು ಕೊಟ್ಟು ಮೂಲ ರಸೀದಿಯನ್ನು ಇಟ್ಟುಕೊಳ್ಳುವುದನ್ನೂ, ತಲುಪಿದ್ದಕ್ಕೆ ಮುದ್ರೆ ಹಾಕಿಸಿಕೊಳ್ಳುವುದನ್ನೂ ಕಲಿಸಿದರು.

ಬಡ್ಡಿಯ ವಿಚಾರದಲ್ಲಿ ನನಗಿದ್ದ ತಪ್ಪು ತಿಳಿವಳಿಕೆಯನ್ನು ತಿದ್ದಿದ್ದು ಅವರ ದೊಡ್ಡ ಉಪಕಾರ. ಒಂದು ಸಾಲದ ಪತ್ರದಲ್ಲಿ ಬಡ್ಡಿ ಶೇಕಡಾ 12 ಎಂದಿತ್ತು. ಬಡ್ಡಿಯಿದ್ದ ಸಾಲಗಳಲ್ಲಿ ಅದೇ ಹಗುರವೆಂದು ನಾನು ನೆಮ್ಮದಿಯಿಂದಿದ್ದೆ. ಅದು ಫ್ಲ್ಯಾಟ್ ಬಡ್ಡಿ ಎಂದು ಮೇಡಂ ಬಿಡಿಸಿ ಹೇಳಿದರು. ನೂರು ಸಾಲ ಪಡೆದು ವರ್ಷದಲ್ಲಿ 12 ಕಂತಿಗೆ ತೀರಿಸುವಾಗ ಅಸಲು ತಿಂಗಳು ತಿಂಗಳೂ ಕರಗುತ್ತದೆ, ಕೊನೆಯ ತಿಂಗಳಲ್ಲಿ ನಮ್ಮ ಬಳಿ ಉಳಿದಿರುವುದು ಹೆಚ್ಚುಕಡಿಮೆ ಹನ್ನೆರಡನೆಯ ಒಂದು ಪಾಲು. ಆದರೆ ಬಡ್ಡಿಯನ್ನು ಮಾತ್ರ ಕೊನೆಯವರೆಗೂ ಪೂರ್ತಿ ನೂರರ ಮೇಲೆಯೇ ಹಾಕಲಾಗುತ್ತದೆ. ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಆ 12 ಎಂಬುದು ವರ್ಷಕ್ಕೆ ಶೇಕಡಾ 21ನ್ನೂ ದಾಟುತ್ತದೆ. ಅವರು ಪೆನ್ಸಿಲಿನಲ್ಲಿ ಎಳೆದ ಆ ಹನ್ನೆರಡು ಸಾಲುಗಳನ್ನು ನಾನು ಮನೆಗೆ ಬಂದು ಮೂರು ಸಲ ಕೂಡಿ ನೋಡಿದೆ, ತಪ್ಪು ಸಿಗಬಹುದೆಂಬ ಆಸೆಯಿಂದ.

ನಮ್ಮ ಮೊದಲ ಯೋಜನೆ ಮೂರನೆಯ ತಿಂಗಳಿಗೇ ಮುರಿದುಬಿತ್ತು. ಹೊಲಿಗೆ ಯಂತ್ರದ ಮೋಟಾರು ಸುಟ್ಟು, ಕಂತಿನ ಹಣವೆಲ್ಲ ರಿಪೇರಿಗೆ ಹೋಯಿತು. ಮುಖ ತೋರಿಸಲು ಸಂಕೋಚವಾಗಿ ನಾನು ಆ ಭಾನುವಾರ ಹೋಗಲಿಲ್ಲ. ಅವರೇ ಫೋನು ಮಾಡಿ, "ತಪ್ಪಿದ್ದು ನೀವಲ್ಲ, ನಾನು ಹಾಕಿದ ಪಟ್ಟಿ, ಅದರಲ್ಲಿ ಯಂತ್ರಕ್ಕೆ ಜಾಗವನ್ನೇ ಇಟ್ಟಿರಲಿಲ್ಲ" ಎಂದರು. ಸರಾಸರಿ ಆದಾಯವನ್ನು ಬಿಟ್ಟು, ಕಳೆದ 12 ತಿಂಗಳಲ್ಲಿ ಅತಿ ಕಡಿಮೆ ಸಂಪಾದನೆಯಾದ ತಿಂಗಳನ್ನೇ ಆಧಾರವಾಗಿಟ್ಟುಕೊಂಡು ಹೊಸ ಪಟ್ಟಿ ಮಾಡಿದೆವು. ಹೆಚ್ಚು ಕೆಲಸ ಸಿಕ್ಕ ತಿಂಗಳ ಉಳಿಕೆಯಲ್ಲಿ ಒಂದು ಪಾಲು ಯಂತ್ರಕ್ಕೆ, ಉಳಿದದ್ದು ಸಾಲಕ್ಕೆ.

ಒಂದೇ ಒಂದು ವಿಷಯದಲ್ಲಿ ನಮಗೆ ಒಮ್ಮತವಿರಲಿಲ್ಲ. ನೂರಕ್ಕೆ ತಿಂಗಳಿಗೆ 3ರಂತೆ, ಅಂದರೆ ವರ್ಷಕ್ಕೆ 36ರಂತೆ ಬಡ್ಡಿ ತಿನ್ನುತ್ತಿದ್ದ ಕೈಸಾಲವನ್ನು ಮೊದಲು ತೀರಿಸಬೇಕೆಂದು ಮೇಡಂ ಹೇಳಿದರು. ಲೆಕ್ಕದ ಪ್ರಕಾರ ಅದೇ ಸರಿ. ಆದರೆ ನೆರೆಮನೆಯ ಅಕ್ಕ ಬಡ್ಡಿಯಿಲ್ಲದೆ, ಒಂದು ಚೀಟಿಯೂ ಬರೆಸಿಕೊಳ್ಳದೆ ಕೊಟ್ಟಿದ್ದ ಕೈಗಡವನ್ನು ಮೊದಲು ಹಿಂದಿರುಗಿಸಬೇಕೆಂಬುದು ನನ್ನ ಹಟ. ಅವರ ಬಾಗಿಲ ಮುಂದೆ ಹಾಯಬೇಕಾಗುತ್ತದೆಂದು ನಾನು ಸುತ್ತಿ ಬಳಸಿ ನಡೆಯುತ್ತಿದ್ದೆ. ಹಾಗೆ ಮಾಡಿದರೆ ಎಷ್ಟು ಬಡ್ಡಿ ಹೆಚ್ಚಿಗೆ ತೆರಬೇಕಾಗುತ್ತದೆ ಎಂಬುದನ್ನು ಮೇಡಂ ಮುಚ್ಚುಮರೆಯಿಲ್ಲದೆ ಬರೆದು ತೋರಿಸಿದರು. ನಾನು ಆಗಲಿ ಎಂದೆ. ಅವರು ಮರುಮಾತಾಡದೆ ರಬ್ಬರು ತೆಗೆದುಕೊಂಡು ಇಡೀ ಪಟ್ಟಿಯನ್ನು ಅಳಿಸಿ, ಅಕ್ಕನ ಬಾಕಿಯನ್ನು ಮೊದಲ ಸಾಲಿಗೆ ತಂದು ಹೊಸದಾಗಿ ಬರೆದರು. ಅವರಿಗೆ ನಾನು ಅತ್ಯಂತ ಋಣಿಯಾಗಿರುವುದು ಆ ಅಳಿಸುವಿಕೆಗೆ.

ಅರ್ಜಿಗಳನ್ನು ಟೈಪು ಮಾಡಿಕೊಟ್ಟ ಬಳಗದ ಹುಡುಗನಿಗೂ, ಸಾಲಪತ್ರದ ಷರತ್ತುಗಳನ್ನು ನನಗೆ ಅರ್ಥವಾಗುವ ಮಾತಿನಲ್ಲಿ ಓದಿ ಹೇಳಿದ ವಕೀಲರಿಗೂ, ಆ ಗಂಟೆಗಳಲ್ಲಿ ನನ್ನ ಮಗಳಿಗೆ ಚಿತ್ರ ಬರೆಯಲು ಕಾಗದ ಒದಗಿಸಿದವರಿಗೂ ನನ್ನ ನಮಸ್ಕಾರಗಳು.

ಕೊನೆಯ ಕಂತು ಕಟ್ಟಿ ಬಂದ ದಿನ ಸಂಭ್ರಮದಿಂದ ಫೋನು ಮಾಡಿದರೆ, ಮೇಡಂ ಕೇಳಿದ ಮೊದಲ ಪ್ರಶ್ನೆ ಬೇಬಾಕಿ ಪತ್ರ, ಅಂದರೆ ಸಾಲದಲ್ಲಿ ಏನೂ ಬಾಕಿಯಿಲ್ಲ ಎಂದು ಬರೆದುಕೊಡುವ ಪತ್ರ, ಸಿಕ್ಕಿತೇ ಎಂಬುದು. ಸಿಕ್ಕ ಪತ್ರದಲ್ಲಿ ನನ್ನ ಹೆಸರಿನ ಒಂದಕ್ಷರ ತಪ್ಪಿತ್ತು. ಇರಲಿ ಬಿಡಿ ಎಂದೆ. ಅವರು ಬಿಡಲಿಲ್ಲ, ತಿದ್ದಿಸಿಯೇ ತರಬೇಕೆಂದರು. ಎರಡು ವಾರ ಹಿಂದೆಯೇ ಬರೆಯಬೇಕಾಗಿದ್ದ ಈ ಕೃತಜ್ಞತೆ ತಡವಾದದ್ದು ಆ ಒಂದಕ್ಷರಕ್ಕಾಗಿ.