ಚಿನ್ನಕ್ಕೆ ಆತುರ ಬೇಡ

ಪ್ರೀತಿಯ ಪುಟ್ಟಿಗೆ, ದೊಡ್ಡಪ್ಪನ ಆಶೀರ್ವಾದಗಳು.

ಸೇವೆ, ಕೌಶಲ, ಆಟ, ಸಾಹಸಯಾತ್ರೆ ಅಂತ ಹುಡುಗ ಹುಡುಗಿಯರು ತಾವೇ ಮಾಡಿ ಗಳಿಸುವ ಅಂತಾರಾಷ್ಟ್ರೀಯ ಯುವ ಪ್ರಶಸ್ತಿಗೆ ನೀನು ಸೇರುತ್ತೀಯ ಅಂತ ಕೇಳಿ ತುಂಬಾ ಖುಷಿಯಾಯಿತು. ಆದರೆ ಅದರ ಮೂರು ಹಂತಗಳಲ್ಲಿ ಕಂಚು, ಬೆಳ್ಳಿ ಬಿಟ್ಟು ನೇರವಾಗಿ ಚಿನ್ನಕ್ಕೇ ಕೈ ಹಾಕುತ್ತೇನೆ ಅಂದಿದ್ದೀಯಲ್ಲ, ಅದಕ್ಕೇ ಈ ಪತ್ರ.

16 ತುಂಬಿದವರು ಹಾಗೆ ಸೇರಬಹುದು, ನಿಜ. ಆಗ ಸೇವೆ, ಕೌಶಲ, ಆಟ-ವ್ಯಾಯಾಮ ಮೂರನ್ನೂ ವಾರಕ್ಕೊಂದು ಗಂಟೆಯಂತೆ 12 ತಿಂಗಳು ಮಾಡಬೇಕು. ಒಂದನ್ನು ಇನ್ನೂ 6 ತಿಂಗಳು ಮುಂದುವರಿಸಬೇಕು. ಕಂಚಿಗಾದರೆ 3 ತಿಂಗಳು, ಒಂದಕ್ಕೆ ಮಾತ್ರ ಮತ್ತೆ 3. ಅಲ್ಲಿಂದಲೇ ಶುರುಮಾಡು. 25 ತುಂಬುವವರೆಗೆ ಸಮಯವಿದೆ.

ಇಲ್ಲಿ ಯಾರನ್ನೂ ಸೋಲಿಸಬೇಕಾಗಿಲ್ಲ. 1956ರಲ್ಲಿ ಪ್ರಿನ್ಸ್ ಫಿಲಿಪ್ ಬ್ರಿಟನ್ನಿನಲ್ಲಿ ಇದನ್ನು ಆರಂಭಿಸಿದಾಗ, ನಡೆಸುವ ಹೊಣೆ ಹೊತ್ತವರು 1953ರ ಎವರೆಸ್ಟ್ ತಂಡದ ನಾಯಕ ಜಾನ್ ಹಂಟ್. ತುತ್ತತುದಿ ಮುಟ್ಟಿದ್ದು ಅವರಲ್ಲ, ಅವರ ತಂಡದವರು. ಈ ಕೆಲಸಕ್ಕೆ ಅಂಥವರೇ ಸರಿ ಅಂತ ನನಗನಿಸುತ್ತದೆ.

ಸೇವೆಗೆ ಏನು ಆರಿಸಿಕೊಳ್ಳಲಿ ಅಂತ ಕೇಳಿದ್ದೀಯ. ನೀನು ಬರದಿದ್ದರೆ ಯಾರಿಗಾದರೂ ಕೊರತೆಯಾಗುವಂಥ ಕೆಲಸ ನೋಡಿಕೋ. ಸುಮ್ನೆ ಒಂದು ದಿನ ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುವುದು ಬೇಡ. ಕಣ್ಣು ಮಂಜಾದ ಅಜ್ಜಿಯೊಬ್ಬರಿಗೆ ಪ್ರತಿ ಶನಿವಾರ ಪೇಪರ್ ಓದಿ ಹೇಳು. ಮೊದಲ ವಾರ ನಿನ್ನ ಹೆಸರೂ ಅವರಿಗೆ ನೆನಪಿರುವುದಿಲ್ಲ. ಎರಡನೇ ತಿಂಗಳ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಕುರ್ಚಿ ಎಳೆದಿಟ್ಟು ಕಾಯುತ್ತಿರುತ್ತಾರೆ. ಆಮೇಲೆ 'ಪರೀಕ್ಷೆ ಇದೆ, ಈ ವಾರ ಬರಲ್ಲ' ಅನ್ನಲು ನಿನಗೆ ಬಾಯೇ ಬರುವುದಿಲ್ಲ. ಆ ಕಟ್ಟು ನಿನಗೆ ಬೀಳಲಿ ಅಂತಲೇ ನನ್ನ ಆಸೆ. ಪ್ರಶಸ್ತಿಯ ಬಿಲ್ಲೆಗಿಂತ ನನಗೆ ಅದೇ ಜಾಸ್ತಿ.

ಸಾಹಸಯಾತ್ರೆಗೆ ಅಮ್ಮ ಹೆದರಿದ್ದಾಳಂತೆ. ಕಂಚಿಗೆ 2 ಹಗಲು, 1 ರಾತ್ರಿ ಅಷ್ಟೇ. 4ರಿಂದ 7 ಜನರ ತಂಡ. ಮೊದಲು ತರಬೇತಿ, ಆಮೇಲೆ ಅಭ್ಯಾಸದ ಯಾತ್ರೆ. ದೊಡ್ಡವರು ದೂರದಿಂದ ಗಮನಿಸುತ್ತಲೇ ಇರುತ್ತಾರೆ, ಆದರೆ ದಾರಿ ತೋರಿಸುವುದಿಲ್ಲ. ನಕ್ಷೆ ಬಿಡಿಸಿ ನೀವೇ ನೋಡಬೇಕು. ಇದನ್ನು ಅಮ್ಮನಿಗೆ ಬಿಡಿಸಿ ಹೇಳು.

ಹೊಸ ಶೂ ಹಾಕಿಕೊಂಡು ಹೊರಡಬೇಡ. ಚೀಲದಲ್ಲಿ ಭಾರದ ಸಾಮಾನು ಬೆನ್ನಿಗೆ ಒತ್ತಿಕೊಂಡಿರಲಿ, ರೈನ್‌ಕೋಟ್ ಎಲ್ಲಕ್ಕಿಂತ ಮೇಲಿರಲಿ. ರಾತ್ರಿಗೆ ಒಂದು ಜೊತೆ ಒಣ ಕಾಲುಚೀಲವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡು. ಹಿಮ್ಮಡಿ ಉರಿಯತೊಡಗಿದ ಕೂಡಲೇ ನಿಂತು ಪಟ್ಟಿ ಅಂಟಿಸಿಕೋ, ಬೊಬ್ಬೆ ಏಳುವವರೆಗೆ ಕಾಯಬೇಡ. ನಾಚಿಕೊಂಡು ನಡೆದರೆ ಇಡೀ ತಂಡಕ್ಕೇ ತೊಂದರೆ ಅಲ್ವಾ? ನಿಧಾನ ನಡೆಯುವವರು ಮುಂದಿರಲಿ, ನೀನು ಅವರ ಹಿಂದೆ ನಡಿ.

ಸೇವೆಗೆ ಎಲ್ಲಿ ಹೋಗುತ್ತೀಯ ಅಂತ ಗೊತ್ತಾದ ಕೂಡಲೇ ಬರೆ.

ನಿನ್ನ ದೊಡ್ಡಪ್ಪ