ಕೊಯ್ದ ಪುಟಗಳ ನಂತರ: ಕಿರಿಯ ಲೇಖಕಿಗೊಂದು ಪತ್ರ

ಪ್ರಿಯ ಗೆಳತಿಗೆ,

ನಿಮ್ಮ ಪತ್ರ, ಕಥೆಯ ಹಸ್ತಪ್ರತಿ ಮತ್ತು ನಿಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಯ ಆ ಸಂಚಿಕೆ ಮೂರೂ ತಲುಪಿದವು. ಸಂಚಿಕೆಯನ್ನೇ ಮೊದಲು ಬಿಡಿಸಿದೆ. ನಲವತ್ತೆರಡನೆಯ ಪುಟವಾದ ಮೇಲೆ ನೇರವಾಗಿ ನಲವತ್ತೊಂಬತ್ತು ಬರುತ್ತದೆ. ನಡುವೆ ನಿಮ್ಮ ಕಥೆಯಿದ್ದ ಮೂರು ಹಾಳೆಗಳನ್ನು ಬ್ಲೇಡಿನಿಂದ ಕೊಯ್ದು ತೆಗೆದಿದ್ದಾರೆ. ಹೊಲಿಗೆಯ ಹತ್ತಿರ ಬೆರಳಗಲವೂ ಇಲ್ಲದ ಮೂರು ಅಂಚುಗಳಿವೆ, ಅವುಗಳಲ್ಲೊಂದರ ಮೇಲೆ ಸಾಲುಗಳ ಮೊದಲ ಅಕ್ಷರಗಳು ಮಾತ್ರ ಉಳಿದುಕೊಂಡಿವೆ. ಪರಿವಿಡಿಯಲ್ಲಿ ಕಥೆಯ ಹೆಸರು, ನಿಮ್ಮ ಹೆಸರು ಹಾಗೆಯೇ ಇವೆ. ಅದನ್ನು ತೆಗೆಯಲು ಅವರಿಗೆ ಹೊಳೆದಿಲ್ಲ.

ಸಿಟ್ಟು ಬಂತು. ಹಂಚುವ ಮುನ್ನ ಪ್ರತಿಯೊಂದು ಪ್ರತಿಯನ್ನೂ ಹಿಡಿದು ಕೊಯ್ಯುವಷ್ಟು ಶ್ರದ್ಧೆಯುಳ್ಳವರು ಆ ಶ್ರದ್ಧೆಯ ಒಂದಂಶವನ್ನು ಕರಡು ತಿದ್ದುವುದಕ್ಕೆ ಮೀಸಲಿಟ್ಟಿದ್ದರೆ ಉಳಿದ ಪುಟಗಳಲ್ಲಿ ಇಷ್ಟು ಅಚ್ಚಿನ ತಪ್ಪುಗಳು ಇರುತ್ತಿರಲಿಲ್ಲ. ನಾನು ಓದುತ್ತಿದ್ದಾಗ ಕಾಲೇಜು ಸಂಚಿಕೆಯ ಸಲಹೆಗಾರರಾಗಿದ್ದ ಅಧ್ಯಾಪಕರೊಬ್ಬರು ನನ್ನ ಕಥೆಯ ಕೊನೆಯ ಪ್ಯಾರಾವನ್ನು ಒಂದು ಮಾತೂ ಹೇಳದೆ ತೆಗೆದುಹಾಕಿದರು. ವಿಚಾರಿಸಿದರೆ ಜಾಗ ಸಾಲಲಿಲ್ಲವೆಂದರು. ಅದೇ ಪುಟದ ಕೆಳಗೆ ಖಾಲಿ ಉಳಿದ ಜಾಗವನ್ನು ತುಂಬಲು ಒಂದು ಹೂವಿನ ಚಿತ್ರದ ಬ್ಲಾಕು ಹಾಕಿಸಿದ್ದರು. ಆ ಹೂವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆದರೆ ನಿಮ್ಮ ಪತ್ರ ಓದಿ ನನಗಾದ ಕಳವಳ ಬೇರೆಯದು. ಗ್ರಂಥಾಲಯದ ಮೆಟ್ಟಿಲ ಮೇಲೆ ಗೆಳೆಯರು ನಿಮ್ಮ ಕಥೆಯನ್ನು ಗಟ್ಟಿಯಾಗಿ ಓದಿದ್ದು, ಅಪರಿಚಿತರು ಫೋನು ಮಾಡಿ ಅಭಿನಂದಿಸಿದ್ದು, ಎರಡು ಸಂಘಟನೆಗಳವರು ಭಾಷಣಕ್ಕೆ ಕರೆದದ್ದು, ಆಮೇಲೆ ಎಲ್ಲವೂ ತಣ್ಣಗಾದದ್ದು ಇವೆಲ್ಲವನ್ನೂ ವಿವರವಾಗಿ ಬರೆದಿದ್ದೀರಿ. ಕಥೆಯ ಬಗ್ಗೆ ಇರುವುದು ಒಂದೇ ವಾಕ್ಯ. ಪತ್ರದ ಕೊನೆಗೆ, ಬರೆಯಲು ಕುಳಿತರೆ ಇದನ್ನು ಓದಿ ಯಾರು ಸಿಟ್ಟಾಗುತ್ತಾರೆ ಎಂಬ ಯೋಚನೆಯೇ ಮೊದಲು ಬರುತ್ತದೆ, ಎರಡನೆಯ ಕಥೆ ಏಳುತ್ತಲೇ ಇಲ್ಲ ಎಂದಿದ್ದೀರಿ. ನಾನು ಉತ್ತರ ಬರೆಯುತ್ತಿರುವುದು ಈ ಮಾತಿಗೆ. ಹಸ್ತಪ್ರತಿಯನ್ನು ಯಾವ ಪತ್ರಿಕೆಗೆ ಕಳುಹಿಸಬೇಕು, ಮುನ್ನುಡಿ ಯಾರಿಂದ ಬರೆಸಬೇಕು, ದಿನಕ್ಕೆ ಎಷ್ಟು ಪುಟ ಬರೆಯಬೇಕು ಎಂಬ ನಿಮ್ಮ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ.

ಪತ್ರದಲ್ಲಿ ನೀವು ಶಿಕಾಗೋ ರಿವ್ಯೂ ಪ್ರಕರಣವನ್ನು ಪ್ರಸ್ತಾಪಿಸಿ, ನಿಮ್ಮ ಸಂಪಾದಕ ಮಂಡಲಿಯೂ ಅವರಂತೆ ರಾಜೀನಾಮೆ ಕೊಟ್ಟು ಹೊರನಡೆಯಬೇಕೆ ಎಂದು ಕೇಳಿದ್ದೀರಿ. ಆ ಕಥೆಯನ್ನು ಎಲ್ಲರೂ ರಾಜೀನಾಮೆಯಿಂದ ಶುರುಮಾಡುತ್ತಾರೆ, ಅದು ನನಗೆ ಒಪ್ಪಿಗೆಯಿಲ್ಲ. 1946ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಆರಂಭಿಸಿದ ಆ ಸಾಹಿತ್ಯ ಪತ್ರಿಕೆ 1958ರ ಹೊತ್ತಿಗೆ ಇರ್ವಿಂಗ್ ರೋಸೆಂತಾಲ್ ಎಂಬ ವಿದ್ಯಾರ್ಥಿ ಸಂಪಾದಕನ ಕೈಯಲ್ಲಿತ್ತು. ಲೇಖಕ ವಿಲಿಯಂ ಬರೋಸ್ ಹೆಸರು ಆಗ ಹೆಚ್ಚಿನವರಿಗೆ ಗೊತ್ತಿರಲಿಲ್ಲ, 1953ರಲ್ಲಿ ಬಂದಿದ್ದ ಒಂದು ಪುಸ್ತಕವೂ ಗುಪ್ತನಾಮದಲ್ಲಿತ್ತು. ಯಾವ ಕ್ರಮವೂ ಕಾಣದ ಅವನ ನೇಕೆಡ್ ಲಂಚ್ ಕಾದಂಬರಿಯ ಹಸ್ತಪ್ರತಿಯಿಂದ ಒಂದು ಭಾಗವನ್ನು ರೋಸೆಂತಾಲ್ 1958ರ ವಸಂತ ಸಂಚಿಕೆಯಲ್ಲಿ ಅಚ್ಚುಹಾಕಿದ. ಅದೇ ವರ್ಷದ ಬೇಸಗೆ ಸಂಚಿಕೆಯನ್ನು ಝೆನ್ ಚಿಂತನೆಗೆ ಮೀಸಲಿಟ್ಟು, ಶರತ್ಕಾಲದ ಸಂಚಿಕೆಯಲ್ಲಿ ಮತ್ತೆ ಬರೋಸ್‌ನ ಬರಹಕ್ಕೆ ಜಾಗ ಕೊಟ್ಟ. ಆ ವಸಂತದಲ್ಲಿ ಯಾರೂ ಗದ್ದಲ ಎಬ್ಬಿಸಿರಲಿಲ್ಲವೆಂಬುದನ್ನು ಗಮನಿಸಿ. ಹೊಗಳುವವರೂ ಬೈಯುವವರೂ ಇಲ್ಲದ ಹೊತ್ತಿನಲ್ಲಿ, ಪ್ರಕಾಶಕರು ಬೇಡವೆಂದಿದ್ದ ಹಾಳೆಗಳನ್ನು ಮುಂದಿಟ್ಟುಕೊಂಡು, ಇದರಲ್ಲಿ ಏನೋ ಇದೆ ಎಂದು ತೀರ್ಮಾನಿಸಿದ ಓದು ಅದು. ಆ ಪತ್ರಿಕೆಯ ಚರಿತ್ರೆಯಲ್ಲಿ ನನಗೆ ಹೊಟ್ಟೆಕಿಚ್ಚು ಹುಟ್ಟಿಸುವ ಘಟ್ಟ ಇದೊಂದೇ.

ಮುಂದಿನದು ನಿಮಗೆ ಗೊತ್ತಿದೆ. 1958ರ ಅಕ್ಟೋಬರ್ 25ರಂದು ಶಿಕಾಗೋ ಡೈಲಿ ನ್ಯೂಸ್‌ನ ಅಂಕಣಕಾರ ಜ್ಯಾಕ್ ಮೇಬ್ಲಿ ಹೊಲಸು ಬರಹವೆಂಬ ತಲೆಬರಹ ಕೊಟ್ಟು ಪತ್ರಿಕೆಯನ್ನು ತರಾಟೆಗೆ ತೆಗೆದುಕೊಂಡ. ಸುತ್ತಲಿನ ಹೈಡ್ ಪಾರ್ಕ್ ಬಡಾವಣೆಯ ಪುನರುಜ್ಜೀವನಕ್ಕೆ ಕೈಹಾಕಿ, ದಾನಿಗಳ ಮುಖ ನೋಡುತ್ತಿದ್ದ ವಿಶ್ವವಿದ್ಯಾಲಯಕ್ಕೆ ಅಷ್ಟು ಸಾಕಾಯಿತು. ಚಾನ್ಸಲರ್ ಲಾರೆನ್ಸ್ ಕಿಂಪ್ಟನ್ ಅವರ ಆಡಳಿತ ಬರೋಸ್, ಜ್ಯಾಕ್ ಕೆರುವಾಕ್ ಮತ್ತು ಎಡ್ವರ್ಡ್ ಡಾಲ್‌ಬರ್ಗ್ ಬರಹಗಳಿದ್ದ ಚಳಿಗಾಲದ ಸಂಚಿಕೆಯನ್ನು ತಡೆಯಿತು. ರೋಸೆಂತಾಲ್ ಮತ್ತು ಸಂಗಡಿಗ ಸಂಪಾದಕರು ಹೊರನಡೆದು, ಪಾಲ್ ಕ್ಯಾರಲ್ ಜೊತೆಗೂಡಿ ಬಿಗ್ ಟೇಬಲ್ ಎಂಬ ಹೊಸ ಪತ್ರಿಕೆ ಕಟ್ಟಿದರು. ಹಣ ಕೂಡಿಸಲು ಕವಿ ಅಲೆನ್ ಗಿನ್ಸ್‌ಬರ್ಗ್ ಮೊದಲಾದವರು ಶಿಕಾಗೋಗೆ ಬಂದು ಕವಿತೆ ಓದಿದರು. 1959ರಲ್ಲಿ ಹೊರಬಂದ ಮೊದಲ ಸಂಚಿಕೆಯನ್ನು ಅಂಚೆ ಇಲಾಖೆ ಅಶ್ಲೀಲವೆಂದು ತಡೆಹಿಡಿಯಿತು. ಮರುವರ್ಷ ನ್ಯಾಯಾಧೀಶ ಜೂಲಿಯಸ್ ಹಾಫ್‌ಮನ್ ಅದು ಅಶ್ಲೀಲವಲ್ಲವೆಂದು ತೀರ್ಪಿತ್ತರು. ಮುಂದೆ ವಿಯೆಟ್ನಾಂ ಯುದ್ಧವಿರೋಧಿ ಹೋರಾಟಗಾರರ ಮೇಲೆ ನಡೆದ ಶಿಕಾಗೋ ಸೆವೆನ್ ಮೊಕದ್ದಮೆಯಲ್ಲಿ ಯುವಜನರ ಕಣ್ಣಿಗೆ ಖಳನಾಯಕನಾಗಿ ಕಂಡ ನ್ಯಾಯಾಧೀಶರೂ ಇವರೇ. ಚರಿತ್ರೆಗೆ ಇಂಥ ಚೇಷ್ಟೆಗಳು ಇಷ್ಟ.

ಬಿಗ್ ಟೇಬಲ್ ಮೊದಲ ಸಂಚಿಕೆಯ ಮುಖಪುಟದ ಮೇಲೆ, ತಡೆಯಲ್ಪಟ್ಟ ಶಿಕಾಗೋ ರಿವ್ಯೂ ಸಂಚಿಕೆಯ ಸಂಪೂರ್ಣ ಹೂರಣ ಇದರಲ್ಲಿದೆ ಎಂದು ಅಚ್ಚಾಗಿದೆ. ಸಂಪಾದಕರು ಸುಳ್ಳು ಹೇಳಲಿಲ್ಲ, ಓದುಗರಿಗೆ ಅದು ಗೊತ್ತಾಗಬೇಕಾಗಿಯೂ ಇತ್ತು. ಆದರೂ ಆ ಸಾಲು ಅಚ್ಚಾದ ಕ್ಷಣದಿಂದ ಓದುಗನ ಕೈಗೆ ಬಂದದ್ದು ಮೊದಲು ಒಂದು ಪ್ರಕರಣ, ಆಮೇಲೆ ಒಂದು ಬರಹ. ಡಾಲ್‌ಬರ್ಗ್ ಪಾಡು ನೋಡಿ. 1900ರಲ್ಲಿ ಹುಟ್ಟಿದ, ಕೆರುವಾಕ್, ಗಿನ್ಸ್‌ಬರ್ಗ್ ಮೊದಲಾದ ಬೀಟ್ ಪೀಳಿಗೆಯ ಬಂಡಾಯ ತರುಣರೊಂದಿಗೆ ಯಾವ ನಂಟೂ ಇಲ್ಲದ, ಪುರಾಣಗಳನ್ನು ಅಗೆದು ಬಿಗಿಯಾದ ಗದ್ಯ ಬರೆಯುತ್ತಿದ್ದ ಹಿರಿಯ ಲೇಖಕ ಆತ. ಅವನ ಬರಹವೂ ಅದೇ ಸಂಚಿಕೆಯೊಂದಿಗೆ ತಡೆಗೆ ಒಳಗಾಯಿತು, ಬಿಗ್ ಟೇಬಲ್‌ನಲ್ಲಿ ಅಚ್ಚೂ ಆಯಿತು. ಈ ಕಥೆಯನ್ನು ಉತ್ಸಾಹದಿಂದ ಹೇಳುವವರಲ್ಲಿ ಡಾಲ್‌ಬರ್ಗ್ ಏನು ಬರೆದಿದ್ದನೆಂದು ಕೇಳಿ ನೋಡಿ. ಗದ್ದಲಕ್ಕೆ ಒದಗದ ಬರಹವನ್ನು ಗದ್ದಲ ಓದುವುದಿಲ್ಲ.

ಇನ್ನೊಂದು ಸಂಗತಿ. ಪ್ಯಾರಿಸ್ಸಿನ ಒಲಿಂಪಿಯಾ ಪ್ರೆಸ್‌ನ ಮೋರಿಸ್ ಜಿರೋಡಿಯಾ ನೇಕೆಡ್ ಲಂಚ್ ಹಸ್ತಪ್ರತಿಯನ್ನು ಮೊದಲು ನಿರಾಕರಿಸಿದ್ದ. ಶಿಕಾಗೋದ ಸುದ್ದಿ ಹಬ್ಬಿದ ಮೇಲೆ ತಾನೇ ಕೇಳಿ ಪಡೆದು 1959ರಲ್ಲಿ ಪ್ರಕಟಿಸಿದ. ಬರೋಸ್ ಅದೃಷ್ಟವಂತ, ಅವನ ಬರಹಕ್ಕೆ ಗದ್ದಲ ಅಡಗಿದ ಮೇಲೂ ನಿಲ್ಲುವ ಶಕ್ತಿಯಿತ್ತು. ಆದರೆ ಪ್ರಕಾಶಕನ ಮನಸ್ಸು ಬದಲಾಯಿಸಿದ ಗದ್ದಲಕ್ಕೆ ಆ ಶಕ್ತಿಯ ಪರಿಚಯವಿರಲಿಲ್ಲ. ಅದು ನಾಳೆ ಯಾವ ಕಳಪೆ ಬರಹದ ಬೆನ್ನಿಗೂ ಅಷ್ಟೇ ಹುರುಪಿನಿಂದ ನಿಲ್ಲುತ್ತದೆ.

ಅದೇ 1958ರಲ್ಲಿ ಆಕ್ಸ್‌ಫರ್ಡ್‌ನ ಐಸಿಸ್ ಎಂಬ ವಿದ್ಯಾರ್ಥಿ ಪತ್ರಿಕೆ, ಸೋವಿಯತ್ ಗಡಿಯಲ್ಲಿ ಬ್ರಿಟನ್ ನಡೆಸುತ್ತಿದ್ದ ರೇಡಿಯೊ ಬೇಹುಗಾರಿಕೆಯ ಕುರಿತು ಲೇಖನವೊಂದನ್ನು ಪ್ರಕಟಿಸಿತು. ಇಬ್ಬರು ವಿದ್ಯಾರ್ಥಿಗಳಿಗೆ ಅಧಿಕೃತ ರಹಸ್ಯ ಕಾಯ್ದೆಯಡಿ ಮೂರು ತಿಂಗಳ ಸೆರೆವಾಸವಾಯಿತು. ಆ ಲೇಖನದ ವಾಕ್ಯಗಳು ಚೆನ್ನಾಗಿದ್ದವೇ ಎಂದು ಕೇಳುವುದು ಅಸಂಬದ್ಧ. ಅಲ್ಲಿ ಕೇಳಬೇಕಾದದ್ದು ಹೇಳಿದ್ದು ನಿಜವೇ ಎಂದು. ನಿಮ್ಮದು ಕಥೆ. ಅದನ್ನು ಕೊಯ್ದವರ ವಿರುದ್ಧ ದೂರು ಕೊಡಿ, ಕುಲಪತಿಗಳಿಗೆ ಮನವಿ ಸಲ್ಲಿಸಿ, ಬೇಕಾದರೆ ಸಹಿ ಹಾಕಲು ನಾನೂ ಬರುತ್ತೇನೆ. ಅನ್ಯಾಯ ಅನ್ಯಾಯವೇ. ಆದರೆ ಬ್ಲೇಡು ಹಿಡಿದವರಿಗೆ ವಿಮರ್ಶಕರ ಸ್ಥಾನ ಕೊಡಬೇಡಿ. ಅವರು ಮೂರು ಹಾಳೆ ಕೊಯ್ದರು, ಅಷ್ಟೇ. ಕಥೆ ಒಳ್ಳೆಯದೆಂದು ಅವರು ಹೇಳಿಲ್ಲ, ಕೆಟ್ಟದೆಂದೂ ಹೇಳಿಲ್ಲ.

ನಮ್ಮ ವಾರಿಗೆಯ ಕವಿಯೊಬ್ಬನ ಕವಿತೆಯನ್ನು ಹೀಗೆಯೇ ಒಂದು ಸಂಚಿಕೆಯಿಂದ ಕೈಬಿಟ್ಟಿದ್ದರು. ಆ ಕವಿತೆಗಾಗಿ ಅವನನ್ನು ಹಲವು ವರ್ಷ ವೇದಿಕೆಗಳ ಮೇಲೆ ಕೂರಿಸಿ ಹಾರ ಹಾಕಿದರು. ಕವಿತೆಯನ್ನು ಓದಿದವರು ಆ ಸಭೆಗಳಲ್ಲಿ ಎಷ್ಟು ಜನರಿದ್ದರೋ ದೇವರೇ ಬಲ್ಲ. ನಿಜಕ್ಕೂ ಕಿವಿಯಿದ್ದ ಕವಿ ಅವನು, ನಮ್ಮೆಲ್ಲರಿಗಿಂತ ಚೆನ್ನಾಗಿ ಬರೆಯಬಲ್ಲವನಾಗಿದ್ದ. ಆ ಹಾರ ಹಾಕಿದವರ ಮೇಲೆ ನನಗಿರುವ ಸಿಟ್ಟು ಹೂವಿನ ಬ್ಲಾಕು ಹಾಕಿಸಿದ ಅಧ್ಯಾಪಕರ ಮೇಲಿನ ಸಿಟ್ಟಿಗಿಂತ ದೊಡ್ಡದು. ಅಧ್ಯಾಪಕರು ಒಂದು ಪ್ಯಾರಾ ತೆಗೆದರು, ಇವರು ಮುಂದೆ ಬರಬಹುದಾಗಿದ್ದ ಸಂಕಲನಗಳನ್ನೇ ತೆಗೆದರು.

ಈಗ ನಿಮ್ಮ ಕಥೆಗೆ ಬರುತ್ತೇನೆ. ಆಕ್ಷೇಪಕ್ಕೆ ಗುರಿಯಾದ ವಾಕ್ಯ, ಹಾಸ್ಟೆಲಿನ ವಾರ್ಡನ್ ಬಗ್ಗೆ ನಾಯಕಿ ಆಡುವ ಆ ಮಾತು, ಕಥೆಯ ಅತ್ಯಂತ ದುರ್ಬಲ ವಾಕ್ಯ. ವಾರ್ಡನ್ ಬಾಯಿ ಬಿಡುವ ಮೊದಲೇ ನೀವು ಅವನಿಗೆ ಶಿಕ್ಷೆ ವಿಧಿಸಿಬಿಟ್ಟಿದ್ದೀರಿ, ಆಮೇಲೆ ಅವನು ಏನು ಮಾಡಿದರೂ ನನಗೆ ಆಶ್ಚರ್ಯವಾಗಲಿಲ್ಲ. ಆದರೆ ಅದರ ಹಿಂದಿನ ಪುಟದಲ್ಲಿ, ರಾತ್ರಿ ತಡವಾಗಿ ಬಂದ ಹುಡುಗಿ ರಿಜಿಸ್ಟರಿನಲ್ಲಿ ಸಹಿ ಮಾಡುವಾಗ ಕಾರಣ ಎಂಬ ಕಾಲಮ್ಮಿನಲ್ಲಿ ತನಗಿಂತ ಮುಂಚೆ ಬಂದವಳು ಬರೆದ ಸುಳ್ಳನ್ನೇ ನಕಲು ಮಾಡುತ್ತಾಳಲ್ಲ, ಅಲ್ಲಿ ನಾನು ಓದು ನಿಲ್ಲಿಸಿ ಮತ್ತೊಮ್ಮೆ ಓದಿದೆ. ಇಡೀ ಹಾಸ್ಟೆಲು ಆ ಒಂದು ಕಾಲಮ್ಮಿನಲ್ಲಿದೆ. ಗ್ರಂಥಾಲಯದ ಮೆಟ್ಟಿಲ ಮೇಲೆ ಜನ ಚಪ್ಪಾಳೆ ತಟ್ಟಿದ್ದು ಯಾವ ವಾಕ್ಯಕ್ಕೆ ಎಂದು ನೀವೇ ಬರೆದಿದ್ದೀರಿ. ಅದು ಈ ವಾಕ್ಯಕ್ಕಲ್ಲ. ಇದನ್ನು ಬರೆದಾಗ ಯಾರು ಸಿಟ್ಟಾಗುತ್ತಾರೆಂದು ನೀವು ಯೋಚಿಸಿರಲಿಲ್ಲವೆಂದು ನಾನು ಪಣ ಕಟ್ಟಿ ಹೇಳಬಲ್ಲೆ.

ರಾಜೀನಾಮೆಯ ಪ್ರಶ್ನೆ ಉಳಿಯಿತು. ಶಿಕಾಗೋದಲ್ಲಿ ಹ್ಯುಂಗ್ ವೂಂಗ್ ಪಾಕ್ ಎಂಬ ಸಂಪಾದಕ ಹೊರನಡೆಯದೆ ಉಳಿದ, ಪತ್ರಿಕೆಯ ಹೊಣೆ ಹೊತ್ತ. ವೀರಗಾಥೆಗಳಲ್ಲಿ ಅವನಿಗೆ ಒಳ್ಳೆಯ ಪಾತ್ರ ಸಿಕ್ಕಿಲ್ಲ. ಬಿಗ್ ಟೇಬಲ್ ಐದು ಸಂಚಿಕೆಗಳಿಗೆ ನಿಂತಿತು, ಶಿಕಾಗೋ ರಿವ್ಯೂ ಇಂದಿಗೂ ಬರುತ್ತಿದೆ. ಯಾರು ಸರಿ ಎಂದು ಇದರಿಂದ ತೀರ್ಮಾನಿಸಲಾಗದು, ಹೊರನಡೆದವರಿಲ್ಲದಿದ್ದರೆ ಆ ಸಂಚಿಕೆ ಬೆಳಕು ಕಾಣುತ್ತಿರಲಿಲ್ಲ. ನಿಮ್ಮ ಮೇಜಿನ ಮೇಲೆ ಮುಂದಿನ ಸಂಚಿಕೆಗೆಂದು ಬೇರೆಯವರ ಬರಹಗಳು ಬಂದಿವೆ ಎಂದಿದ್ದೀರಿ. ಅವುಗಳಲ್ಲಿ ನಿಮ್ಮನ್ನು ಬಿಟ್ಟರೆ ಇನ್ನಾರೂ ಗುರುತಿಸಲಾರದ ಬರಹ ಒಂದಾದರೂ ಇದೆಯೇ ಎಂದು ನೋಡಿ. ಇದ್ದು, ಅದನ್ನು ಒಂದಕ್ಷರವೂ ಬದಲಿಸದೆ ಅಚ್ಚುಮಾಡಲು ಸಲಹೆಗಾರರು ಬಿಡುವುದಾದರೆ ಉಳಿಯಿರಿ. ಬಿಡದಿದ್ದರೆ ಹೊರಬನ್ನಿ, ಬರುವಾಗ ಆ ಬರಹವನ್ನೂ ಜೊತೆಗೆ ತನ್ನಿ. ರಾಜೀನಾಮೆ ಪತ್ರ ಅರ್ಧ ಪುಟ ಮೀರದಿರಲಿ, ಅದರ ಪ್ರತಿಯನ್ನು ಸುದ್ದಿಪತ್ರಿಕೆಗಳಿಗೆ ಕಳುಹಿಸುವ ಕೆಲಸ ಬೇಡ. ಕಥೆಯ ತಿದ್ದಿದ ಪ್ರತಿಯನ್ನು ತಿಂಗಳೊಳಗೆ ನನಗೆ ಕಳುಹಿಸಿ. ರಿಜಿಸ್ಟರಿನ ಪುಟಕ್ಕೆ ಮಾತ್ರ ಕೈಹಚ್ಚಬೇಡಿ.

ವಿಶ್ವಾಸದಿಂದ,
ನಿಮ್ಮ ಹಿರಿಯ ಓದುಗ