ಗೀಸರ್ ತಿರುಪಿನ ಮೇಲೆ ಡಿಗ್ರಿ ಇರಲಿ

ಮಾನ್ಯರೇ,

ಕಳೆದ ತಿಂಗಳು ನಮ್ಮ ನಾಲ್ಕು ವರ್ಷದ ಮೊಮ್ಮಗ ಬಚ್ಚಲಲ್ಲಿ ಬಿಸಿನೀರಿನ ನಲ್ಲಿ ತಾನೇ ತಿರುಗಿಸಿ ಅಂಗೈ ಸುಟ್ಟುಕೊಂಡ. ಎರಡು ವಾರ ನಾನೇ ತುತ್ತು ತಿನ್ನಿಸಿದೆ. ಆ ನೀರನ್ನು ಚೊಂಬಿಗೆ ಹಿಡಿದು ಥರ್ಮಾಮೀಟರ್ ಇಟ್ಟರೆ 72 ಡಿಗ್ರಿ! ಗೀಸರ್ ಕೂರಿಸಿದವರು ಥರ್ಮೋಸ್ಟಾಟನ್ನು, ಅಂದರೆ ನೀರಿನ ಬಿಸಿ ಹೊಂದಿಸುವ ತಿರುಪನ್ನು, ಕೊನೆಯವರೆಗೆ ತಿರುಗಿಸಿ ಹೋಗಿದ್ದರು. ಆರು ವರ್ಷ ನಾವ್ಯಾರೂ ಅದನ್ನು ನೋಡಿಯೇ ಇರಲಿಲ್ಲ.

60 ಡಿಗ್ರಿ ನೀರು ಸುಮಾರು ಐದು ಸೆಕೆಂಡಿನಲ್ಲಿ ದೊಡ್ಡವರ ಚರ್ಮವನ್ನೇ ಸುಡುತ್ತದೆ. ಎಳೆಯ ಚರ್ಮಕ್ಕೆ ಅಷ್ಟೂ ಬೇಡ. ಹಾಗೆಂದು ತೀರಾ ಇಳಿಸುವಂತೆಯೂ ಇಲ್ಲ, ಉಗುರುಬೆಚ್ಚಗೆ ನಿಂತ ನೀರಿನಲ್ಲಿ ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಈಗ ಅಳೆದು ನೋಡಿ 60ಕ್ಕೆ ಇಟ್ಟಿದ್ದೇವೆ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ನಲ್ಲಿ ಮಗುವಿನ ಕೈಗೆ ಎಟುಕದಂತೆ ಮೇಲಕ್ಕೆ ಹಾಕಿಸಿದ್ದೇವೆ. ನಮ್ಮ 25 ಲೀಟರ್, 2 ಕಿಲೋವಾಟ್ ಗೀಸರಿಗೆ 20 ಡಿಗ್ರಿಯಿಂದ 60ಕ್ಕೆ ಏರಲು 35 ನಿಮಿಷ ಸಾಕು. ಇಡೀ ಬೆಳಗು ಸ್ವಿಚ್ ಹಾಕಿಡಬೇಕಿಲ್ಲ.

ನಮ್ಮ ಗೀಸರಿನ ತಿರುಪಿನ ಮೇಲೆ ಒಂದರಿಂದ ಐದು ಎಂದಷ್ಟೇ ಇದೆ. ಅದರಿಂದ ಯಾರಿಗೆ ಏನು ತಿಳಿಯಬೇಕು? ತಯಾರಕರು ಡಿಗ್ರಿಯನ್ನೇ ಕನ್ನಡ ಅಕ್ಷರಗಳಲ್ಲೂ ಮುದ್ರಿಸಲಿ, ಕೂರಿಸುವವರು ಮನೆಯವರೆದುರೇ ಅಳೆದು ತೋರಿಸಲಿ.

– ಒಬ್ಬ ಅಜ್ಜಿ, ಹಾಸನ